ಅಡುಗೆಮನೆಗೆ ಪುಂಡಿ ನಾರಿನ ಚಪ್ಪಲಿ

ಮೊದಲೇ ಹೇಳಿಬಿಡುತ್ತೇನೆ, ಅಪ್ಪಣೆ ಕೊಟ್ಟವನು ನಾನು. ಕೊಡುವ ಅಧಿಕಾರ ನನಗಿರಲಿಲ್ಲ. ನನ್ನ ದನಿಯಲ್ಲೂ ಕೊಡಲಿಲ್ಲ. ಭಾಲ್ಕಿಯ ಬೋರ್ಡಿಂಗಿನ ಉಗ್ರಾಣದಲ್ಲಿ ತೊಗರಿಬೇಳೆಯ ಚೀಲಗಳ ಹಿಂದೆ ಕೂತು, ಗಂಟಲು ಸರಿಮಾಡಿಕೊಂಡು, ಅಲ್ಲಿಯ ಮ್ಯಾನೇಜರರ ದನಿ ತೆಗೆದು ಕೊಟ್ಟೆ. ಇಂಥ ಕೆಲಸ ಮಾಡುವವನನ್ನು ಜನ ಏನೇನು ಕರೆಯಬಹುದೋ ಅದನ್ನೆಲ್ಲ ನನ್ನ ಮನೆಯವರು ಆಗಲೇ ಕರೆದು ಮುಗಿಸಿದ್ದಾರೆ. ಓದುವವರು ಹೊಸದಾಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಬೀದರದಲ್ಲಿ ನನ್ನ ಸೋದರಮಾವನ ಚಪ್ಪಲಿ ಅಂಗಡಿ ಇತ್ತು. ನಾನು ಅಲ್ಲಿ ಕೆಲಸ ಕಲಿಯುತ್ತಿದ್ದೇನೆ ಎಂದು ಮಾವ ಹೇಳುತ್ತಿದ್ದ. ಕೂತಿರುತ್ತೇನೆ ಎಂದು ನೋಡಿದವರು ಹೇಳುತ್ತಿದ್ದರು. ಓದು ಅದಕ್ಕೂ ಮೊದಲೇ ನಿಂತಿತ್ತು. ಉರ್ದು ಸಾಲೆಯಲ್ಲಿ ಫೇಲಾಗಿದ್ದೆ. ಸಾಲೆ ಕನ್ನಡಕ್ಕೆ ತಿರುಗಿದ ಮೇಲೆ ಕನ್ನಡದಲ್ಲೂ ಒಮ್ಮೆ ಫೇಲಾಗಿ ನೋಡಿದೆ, ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ನನಗೆ ಹತ್ತಿದ ವಿದ್ಯೆ ಒಂದೇ, ದನಿ ತೆಗೆಯುವುದು. ಗಿರಾಕಿ ಅಂಗಡಿಯ ಮೆಟ್ಟಿಲು ಇಳಿಯುವಷ್ಟರಲ್ಲಿ ಅವರ ಕೆಮ್ಮು, ಅವರ ಚೌಕಾಸಿ, ಚಪ್ಪಲಿ ಕಚ್ಚುತ್ತದೆ ಎಂದು ಮುಖ ಕಿವಿಚುವ ರೀತಿ ಎಲ್ಲ ನನ್ನ ಮೈಮೇಲೆ ಬಂದಿರುತ್ತಿತ್ತು.

ಆಗ ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಅದರಿಂದ ದೊಡ್ಡವರಿಗೆ ಏನು ಸಿಕ್ಕಿತೋ ಏನು ಹೋಯಿತೋ, ನನಗಂತೂ ಹೊಸ ಸರಕು ಸಿಕ್ಕಿತು. ಕಚೇರಿಗಳಿಗೆ ಮೈಸೂರು ಕಡೆಯ ಸಾಹೇಬರು ಬಂದರು. ಅವರು ಮಾತು ಆಡುತ್ತಿರಲಿಲ್ಲ, ತಟ್ಟೆಯಲ್ಲಿಟ್ಟು ಮುಂದೆ ಸರಿಸುತ್ತಿದ್ದರು. ನಮ್ಮ ಕಡೆ 'ಬರ್ರಿ, ಕೂಡ್ರಿ' ಅಂದರೆ ಮುಗಿಯುವುದನ್ನು ಅವರು 'ಬನ್ನಿ, ಹೀಗೆ ಕೂತ್ಕೊಳ್ಳಿ, ಪರವಾಗಿಲ್ಲ' ಎಂದು ಮೂರು ಮೆಟ್ಟಿಲು ಇಳಿಸಿ ಹೇಳುತ್ತಿದ್ದರು. ನಾನು ಸಂಜೆ ಅಂಗಡಿಯ ಮುಂದೆ ಆ ದನಿ ತೆಗೆದರೆ ಪಕ್ಕದ ಬಿದರಿ ಕೆಲಸದ ಮುದುಕರು ಉಳಿ ಕೆಳಗಿಟ್ಟು, 'ಔರ್ ಏಕ್ ಬಾರ್ ಬೋಲ್ ರೇ' ಎಂದು ಇನ್ನೊಮ್ಮೆ ಹೇಳಿಸುತ್ತಿದ್ದರು.

ಮಾವ ನಗುತ್ತಿರಲಿಲ್ಲ. ಅವನ ಬಾಯಿಯಲ್ಲಿ ಸದಾ ಮೊಳೆ ಇರುತ್ತಿದ್ದವು, ನಕ್ಕರೆ ನುಂಗಬೇಕಾಗುತ್ತಿತ್ತು. ನಿಜಾಮರ ಕಾಲದಲ್ಲಿ ಪೊಲೀಸರಿಗೆ ಬೂಟು ಹೊಲಿದವನು ಅವನು. ನಮ್ಮ ಓಣಿಯ ಕೆಲವು ಮನೆಗಳಲ್ಲಿ ಆ ಹೊತ್ತಿಗೆ ಬುದ್ಧನ ಪಟ ಬಂದಿತ್ತು. ಇನ್ನು ಸತ್ತ ದನ ಹೊರುವುದಿಲ್ಲ, ತೊಗಲು ಹದ ಮಾಡುವುದಿಲ್ಲ ಎಂದು ನಿಶ್ಚಯ ಮಾಡಿದವರಿದ್ದರು. ಮಾವ ಹದವಾಗಿ ಬಂದ ತೊಗಲನ್ನು ಹೈದರಾಬಾದಿನಿಂದ ತರಿಸಿ ಹೊಲಿಯುತ್ತಿದ್ದ, ಬುದ್ಧನ ಪಟವನ್ನೂ ಅಂಗಡಿಯ ಒಳಗೋಡೆಗೆ ಹಾಕಿದ್ದ. ಎರಡರ ನಡುವೆ ಏನಾದರೂ ಮಾತುಕತೆ ನಡೆಯುತ್ತಿತ್ತೋ ಏನೋ, ಬಾಯಿಯಲ್ಲಿ ಮೊಳೆ ಇದ್ದವನನ್ನು ಯಾರು ಕೇಳುತ್ತಾರೆ.

ಮಾವನ ಅಕ್ಕ, ಅಂದರೆ ನನ್ನ ದೊಡ್ಡವ್ವ, ಭಾಲ್ಕಿಯಲ್ಲಿ ಒಂದು ಬೋರ್ಡಿಂಗಿನ ಅಡುಗೆಯವಳು. ಬೇರೆ ಬೋರ್ಡಿಂಗುಗಳಲ್ಲಿ ಪಂಕ್ತಿಯಲ್ಲಿ ಕೂಡಿಸದ ನಮ್ಮಂಥ ಮನೆಗಳ ಹುಡುಗರು ಅಲ್ಲಿದ್ದು ಸಾಲೆಗೆ ಹೋಗುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಮಕ್ಕಳಿಲ್ಲದ ದೊಡ್ಡವ್ವ ಅಲ್ಲಿಗೆ ಹೋದವಳು, ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಬೇರು ಬಿಟ್ಟಿದ್ದಳು. ಯಾವ ಹುಡುಗನಿಗೆ ಖಾರ ಆಗದು, ಯಾವನು ರೊಟ್ಟಿ ಕದ್ದು ಕಿಸೆಗೆ ಹಾಕುತ್ತಾನೆ ಎಂಬುದೆಲ್ಲ ಅವಳಿಗೆ ಗೊತ್ತು. ಕದ್ದವನ ತಾಟಿಗೆ ಮರುದಿನ ಒಂದು ರೊಟ್ಟಿ ಹೆಚ್ಚು ಬೀಳುತ್ತಿತ್ತು.

ಆ ಅಡುಗೆಮನೆಗೆ ಕಲ್ಲುಹಾಸಿನ ನೆಲ. ಬೆಳಗಿನಿಂದ ನೀರು ಚೆಲ್ಲಿ ಒದ್ದೆ. ಚಳಿಗಾಲದಲ್ಲಿ ಒಲೆಯ ಮುಂದೆ ಮುಖ ಸುಡುತ್ತದೆ, ಅಂಗಾಲು ಮರಗಟ್ಟುತ್ತದೆ. ಆ ವರ್ಷ ದೊಡ್ಡವ್ವನ ಹಿಮ್ಮಡಗಳು ಬಿರಿದು, ಬಿರುಕಿಗೆ ಕೀವು ತುಂಬಿತು. ದವಾಖಾನೆಯ ಡಾಕ್ಟರರು ಮುಲಾಮು ಕೊಟ್ಟು, ಒದ್ದೆ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಲ್ಲುವುದು ಬಿಡದಿದ್ದರೆ ಮುಂದೆ ಕಾಲಿನ ಮಾತು ತಾವು ಹೇಳಲಾರೆವು ಎಂದಿದ್ದರು. ಆದರೆ ಅಡುಗೆಮನೆಯೊಳಗೆ ಚಪ್ಪಲಿ ಹಾಕುವುದುಂಟೇ? ಹೊಸ್ತಿಲ ಹೊರಗೇ ಬಿಡಬೇಕು. ಬೋರ್ಡಿಂಗಿನ ಗೋಡೆಯ ಮೇಲೆ ಬರೆದ ನಿಯಮ ಬೇರೆ ಇತ್ತು, ಬರೆಯದಿದ್ದರೂ ನಮ್ಮ ಕಡೆ ಯಾರೂ ಹಾಕುತ್ತಿರಲಿಲ್ಲ. ದೊಡ್ಡವ್ವ ಒಂದು ಕೈಯಲ್ಲಿ ಸೌಟು, ಒಂದು ಕೈಯಲ್ಲಿ ಗೋಡೆ ಹಿಡಿದು ಅಡುಗೆ ಮಾಡುತ್ತಿದ್ದಳು.

ಮ್ಯಾನೇಜರರು ಕೆಟ್ಟವರಲ್ಲ. ಸಾಲೆ ಮಾಸ್ತರಿಕೆ ಮಾಡಿ ನಿವೃತ್ತರಾದವರು, ನಮ್ಮವರೇ. ಮಾತಿಗೆ ಮೊದಲು ಎರಡು ಸಣ್ಣ ಕೆಮ್ಮು, ಮಾತಿನ ಕೊನೆಗೆ 'ತಿಳೀತೋ ಇಲ್ಲೋ?' ಇಷ್ಟಿದ್ದರೆ ಯಾರು ಬೇಕಾದರೂ ಅವರಾಗಬಹುದಿತ್ತು. ನಾನಂತೂ ಆಗಿ ಹಳಬನಾಗಿದ್ದೆ. ಹೈದರಾಬಾದು ಸರ್ಕಾರದಿಂದ ಬೋರ್ಡಿಂಗಿಗೆ ಬರುತ್ತಿದ್ದ ಸಹಾಯವನ್ನು ಇನ್ನು ಮೈಸೂರು ಸರ್ಕಾರ ಕೊಡಬೇಕಿತ್ತು. ಅದಕ್ಕೊಬ್ಬ ಇನ್ಸ್‌ಪೆಕ್ಟರು ಬಂದು ನೋಡಿ ಹೋಗುವವರಿದ್ದರು. ಅವರು ಬಂದು ಹೋದ ಮೇಲೆ ಬೇರೆ ಅಡುಗೆಯವಳನ್ನು ತರುತ್ತೇನೆ, ನೀವು ಆರಾಮ ಮಾಡಿರಿ ಎಂದು ಮ್ಯಾನೇಜರರು ದೊಡ್ಡವ್ವನಿಗೆ ಹೇಳಿದ್ದರು. ಹೇಳುವಾಗ ಅವರ ಕಣ್ಣು ನೆಲದ ಮೇಲಿತ್ತಂತೆ.

ಈ ಸುದ್ದಿ ತಿಳಿದು ನಾನೂ ಮಾವನೂ ಭಾಲ್ಕಿಗೆ ಹೋದೆವು. ಬೀದರಕ್ಕೆ ಬಂದು ಇರು ಎಂದು ಮಾವ ಕರೆದ. ದೊಡ್ಡವ್ವ ಹಿಟ್ಟು ನಾದುತ್ತಲೇ ಹೇಳಿದಳು:

"ಬಂದು ಏನ್ ಮಾಡ್ಲೆಪ್ಪ? ನಿನ್ನ ಹೇಣ್ತಿ ಒಲಿ ಮುಂದ ಕೂತು ಆಕಿ ಸಾರಿಗಿ ಉಪ್ಪು ಕಮ್ಮಿ ಅನ್ಲೇನು? ಇಲ್ಲಿ ಇಷ್ಟು ಹುಡುಗ್ರು ನನ್ನ ಕೈ ನೋಡ್ತಾವ. ಆರಾಮ ಮಾಡು ಅನ್ನೋದೂ ಹೊರಗ ನಡಿ ಅನ್ನೋದೂ ಒಂದೇ ನನಗ."

ಮಾವ ಅವಳ ಕಾಲನ್ನು ನೋಡುತ್ತಿದ್ದ. ದೊಡ್ಡವ್ವ ಹರಕು ಗೋಣಿಚೀಲದ ಎರಡು ತುಂಡು ಕತ್ತರಿಸಿ, ಮಡಚಿ, ಸುತಳಿಯಿಂದ ಪಾದಕ್ಕೆ ಕಟ್ಟಿಕೊಂಡಿದ್ದಳು. ಅದಕ್ಕೆ ಮ್ಯಾನೇಜರರೂ ಏನೂ ಅಂದಿರಲಿಲ್ಲ. ಗೋಣಿ ಚಪ್ಪಲಿಯಲ್ಲವಲ್ಲ, ಒರೆಸುವ ಬಟ್ಟೆ. ಆದರೆ ಅದು ಅರ್ಧ ದಿನಕ್ಕೆ ನೀರು ಕುಡಿದು ಒದ್ದೆ ರೊಟ್ಟಿಯಂತಾಗುತ್ತಿತ್ತು. ಮಾವ ಕುಕ್ಕುರುಗಾಲಲ್ಲಿ ಕೂತು ಆ ತುಂಡನ್ನು ಬಿಚ್ಚಿದ, ಹಿಂಡಿದ, ಮೂಸಿದ. ತಿನ್ನುತ್ತಾನೇನೋ ಎಂದು ನಾನು ಕಾದೆ.

ವಾಪಸು ಬರುವಾಗ ರೈಲಿನಲ್ಲಿ ನಾನು ಉಪಾಯ ಹೇಳತೊಡಗಿದೆ. ಕಟ್ಟಿಗೆಯ ಹಾವುಗೆ ಮಾಡೋಣ ಅಂದೆ. ಒದ್ದೆ ಕಲ್ಲಿನ ಮೇಲೆ ಹಾವುಗೆ ಜಾರಿ, ಕುದಿಯುವ ಬೇಳೆಯ ಹಂಡೆ ಮೈಮೇಲೆ ಬಿದ್ದರೆ ಎಂದು ಮಾವ ಕೇಳಿದ. ಲಾರಿ ಟೈರಿನ ಚಪ್ಪಲಿ ಅಂದೆ. ಆ ಟೈರು ಯಾವ ಊರಿನ ಹೊಲಸೆಲ್ಲ ತುಳಿದು ಬಂದದ್ದೋ, ಅಕ್ಕ ಅದನ್ನು ಹೊಸ್ತಿಲ ದಾಟಿಸುತ್ತಾಳೇನು ಎಂದ. ನನ್ನ ಉಪಾಯಗಳು ಮುಗಿದ ಮೇಲೆ ಅವನು ಬಾಯಿ ಬಿಟ್ಟ. ಅವತ್ತು ಬಾಯಿಯಲ್ಲಿ ಮೊಳೆ ಇರಲಿಲ್ಲ.

"ತೊಗಲು ನಡ್ಯಂಗಿಲ್ಲ, ನಾರು ನಡೀತದ. ಗೋಣಿ ಮೆತ್ತಗಾಗ್ತದ. ಅದಕ್ಕಿಂತ ಒರಟು ನಾರು ಬೇಕು. ನೀ ಔರಾದಕ್ಕ ಹೋಗು."

ಔರಾದದ ಹೊರಗೆ ಹಗ್ಗ ಹೊಸೆಯುವವರ ಮನೆಗಳಿದ್ದವು. ನಾವು ಹುಳಿ ಎಲೆಯನ್ನು ಪಲ್ಯ ಮಾಡಿ ತಿನ್ನುವ ಪುಂಡಿಯೇ ಹೊಲದ ಬದುವಿನಲ್ಲಿ ಬೆಳೆದು ಆಳೆತ್ತರ ಆದ ಮೇಲೆ ಕಿತ್ತು, ಕಟ್ಟು ಕಟ್ಟಿ, ಹಳ್ಳದ ನೀರಿನಲ್ಲಿ ಕಲ್ಲು ಹೇರಿ ಕೊಳೆಯಲು ಬಿಡುತ್ತಾರೆ. ಕೊಳೆತ ಮೇಲೆ ದಂಟಿನಿಂದ ನಾರು ಸುಲಿದು ಬರುತ್ತದೆ. ಆದರೆ ಬೇರಿನ ಕಡೆಯ ಗೇಣುದ್ದ ಮಾತ್ರ ಎಷ್ಟು ನೆನೆದರೂ ಮೆದುವಾಗುವುದಿಲ್ಲ. ಅದು ಹಗ್ಗಕ್ಕೆ ಬಾರದು. ಕತ್ತರಿಸಿ ಎಸೆಯುತ್ತಾರೆ, ಇಲ್ಲವೆ ಒಲೆಗೆ ಹಾಕುತ್ತಾರೆ. ನಾನು ಹೋಗಿ ಆ ಎಸೆದದ್ದು ಬೇಕು ಎಂದೆ. ಹಗ್ಗ ಹೊಸೆಯುತ್ತಿದ್ದ ಮುದುಕಿ ಮರಾಠಿ ಬೆರೆಸಿದ ಕನ್ನಡದಲ್ಲಿ ನನ್ನನ್ನು ಕೂಡಿಸಿ ಮೊದಲು ನೀರು ಕೊಟ್ಟಳು, ಬಿಸಿಲಿಗೆ ತಲೆ ತಿರುಗಿದೆ ಎಂದುಕೊಂಡಿರಬೇಕು.

"ಕಾಯ್ ರೇ ಬಾಳಾ, ಕಸ ಒಯ್ಲಿಕ್ಕ ಬೀದರದಿಂದ ಬಂದೀ? ನಿಮ್ಮ ಊರಾಗ ಕಸ ಕಮ್ಮಿ ಬಿದ್ದದೇನು?"

ಚಪ್ಪಲಿಗೆ ಎಂದೆ. ಅವಳು ತನ್ನ ಸೊಸೆಯನ್ನು ಕರೆದು ಆ ಮಾತನ್ನು ಇನ್ನೊಮ್ಮೆ ನನ್ನಿಂದ ಹೇಳಿಸಿದಳು. ಇಬ್ಬರೂ ನಕ್ಕು ಸುಸ್ತಾದ ಮೇಲೆ ಒಂದು ಚೀಲ ತುಂಬಿಸಿ ಕೊಟ್ಟರು. ಊರೆಲ್ಲ ನಗಿಸುವವನು ನಾನು ಎಂಬ ಜಂಬ ನನಗಿತ್ತು. ಅಲ್ಲಿ ನಾನು ಯಾರ ದನಿಯನ್ನೂ ತೆಗೆಯಬೇಕಾಗಲಿಲ್ಲ, ಬಂದ ಕೆಲಸ ಹೇಳಿದರೆ ಸಾಕಾಯಿತು.

ಕೊಳೆಸಿದ ನಾರಿನ ವಾಸನೆ ಗೊತ್ತಿಲ್ಲದವರಿಗೆ ಬರೆದು ತಿಳಿಸುವುದು ಕಷ್ಟ. ಬಸ್ಸಿನಲ್ಲಿ ಒಬ್ಬೊಬ್ಬರೇ ಸೆರಗು, ಟವೆಲು ಮೂಗಿಗೆ ಹಿಡಿದರು. ಸಂತಪುರ ದಾಟುವಷ್ಟರಲ್ಲಿ ನನಗೆ ಸುಮ್ಮನಿರಲಾಗದೆ, ಕಂಡಕ್ಟರನ ಹಾಗೆ ಮೂಗಿನಿಂದ 'ಹೋಲ್ಡಾನ್' ಅಂದೆ. ಬಸ್ಸು ನಿಂತಿತು. ಡ್ರೈವರು ಇಳಿದು ನೋಡಿದ, ಯಾರೂ ಇಳಿಯಲಿಲ್ಲ. ಉಳಿದ ದಾರಿಯನ್ನು ನಾನೂ ಚೀಲವೂ ಬಸ್ಸಿನ ತಲೆಯ ಮೇಲೆ ಕಳೆದೆವು. ಕಂಡಕ್ಟರು ಇಬ್ಬರಿಗೂ ಒಂದೇ ಹಗ್ಗ ಬಿಗಿದ.

ಮಾವ ಆ ಗೇಣುದ್ದದ ಒರಟು ತುಂಡುಗಳನ್ನು ಬೂದಿ ನೀರಿನಲ್ಲಿ ಕುದಿಸಿ, ತೊಳೆದು, ಒಣಗಿಸಿ, ಕಟ್ಟಿಗೆಯ ಕೊಡತಿಯಿಂದ ಬಡಿದ. ಬಡಿದ ಮೇಲೆ ಅವು ಎಳೆ ಎಳೆಯಾಗಿ ಬಿಚ್ಚಿಕೊಂಡವು, ಆದರೂ ಬೆರಳಿಗೆ ಚುಚ್ಚುವಷ್ಟು ಬಿರುಸು. ಅವನ್ನು ಮೂರೆಳೆಯ ಚಪ್ಪಟೆ ಜಡೆಯಾಗಿ ಹೆಣೆಯುವುದು ನನ್ನ ಕೆಲಸವಾಯಿತು. ನಾನು ಓಣಿಯ ಹೆಣ್ಣುಮಕ್ಕಳ ದನಿಯಲ್ಲಿ 'ಅವ್ವಾ, ಬಿಗಿ ಆಯ್ತು, ತಲಿ ನೋಯ್ತದ' ಎನ್ನುತ್ತಾ ಹೆಣೆದೆ. ಮಾವ ಆ ಜಡೆಯನ್ನು ಪಾದದ ಆಕಾರಕ್ಕೆ ಸುರುಳಿ ಸುತ್ತಿ, ಜಡೆಯ ಅಂಚು ಮೇಲೆ ಬರುವ ಹಾಗೆ ನಿಲ್ಲಿಸಿ, ಉದ್ದನೆಯ ದಬ್ಬಣದಿಂದ ಈ ಬದಿಯಿಂದ ಆ ಬದಿಗೆ ದಾರ ಎಳೆದ. ಅದು ಅವನ ಕೈಗೆ ಹೊಸದು. ತೊಗಲಿಗೆ ಆರಿಯ ಮೊನೆ ಚುಚ್ಚಿದರೆ ತೂತು ತೂತಾಗಿಯೇ ಇರುತ್ತದೆ, ದಾರ ದಾರಿ ತಪ್ಪುವುದಿಲ್ಲ. ನಾರು ಚುಚ್ಚಿದ ಕೂಡಲೇ ಬಾಯಿ ಮುಚ್ಚಿಬಿಡುತ್ತದೆ. ಪೊಲೀಸರ ಬೂಟನ್ನು ಕಣ್ಣು ಮುಚ್ಚಿ ಹೊಲಿಯುತ್ತಿದ್ದವನು ಈ ನಾರಿನ ಚಕ್ಕುಲಿಯ ಮುಂದೆ ಹುಡುಗನ ಹಾಗೆ ತಡವರಿಸಿದ. ಬೆರಳಿಗೆ ಚುಚ್ಚಿಕೊಂಡಾಗ ಅವನು ಅಂದ ಮಾತುಗಳನ್ನು ನಾನು ಇಂದಿಗೂ ಚೆನ್ನಾಗಿ ಅನುಕರಿಸಬಲ್ಲೆ, ಅಚ್ಚು ಮಾಡಿಸಲು ಬರುವುದಿಲ್ಲ. ಮೇಲಿನ ಪಟ್ಟಿಗೆ ಗೋಣಿ ಬಟ್ಟೆಯನ್ನು ಮಡಚಿ ಹೊಲಿದ. ತೊಗಲಿನ ಒಂದು ಚೂರೂ ಇಲ್ಲದ, ಎಸೆದ ನಾರಿನ ಚಪ್ಪಲಿ.

ಅದನ್ನು ತೆಗೆದುಕೊಂಡು ಹೆಮ್ಮೆಯಿಂದ ಭಾಲ್ಕಿಗೆ ಹೋದೆ. ದೊಡ್ಡವ್ವ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು, ಕಣ್ಣು ತುಂಬಿಕೊಂಡಳು, ಮೂಗಿನ ಹತ್ತಿರ ತಂದಳು, ಕೆಳಗಿಟ್ಟಳು.

"ದಾರಕ್ಕ ಚರಬಿ ಹಚ್ಯಾನ."

ಮಾವ ಹೊಲಿಯುವ ಮೊದಲು ದಾರವನ್ನು ದನದ ಚರಬಿಯ ಉಂಡೆಯ ಮೇಲೆ ಎಳೆದೇ ಎಳೆಯುತ್ತಾನೆ. ಅವನ ಅಪ್ಪನೂ ಎಳೆದದ್ದು ಹಾಗೆಯೇ. ತೊಗಲು ಬೇಡವೆಂದು ಅಷ್ಟು ಯೋಚಿಸಿದವನ ಕೈ ತನ್ನ ಪಾಡಿಗೆ ತಾನು ಚರಬಿಯ ಡಬ್ಬಿಗೆ ಹೋಗಿತ್ತು, ನಾನು ಎದುರಿಗೇ ಕೂತಿದ್ದೆ, ನಮಗಿಬ್ಬರಿಗೂ ಅದು ಕಂಡಿರಲಿಲ್ಲ. ಬೇರೆ ಯಾರಿಗೂ ಗೊತ್ತಾಗುವುದಿಲ್ಲ, ಹಾಕಿಕೋ ಎಂದೆ. ಅವಳು, ನನಗ ನಡೀತದ, ಒಲಿಗಿ ನಡ್ಯಂಗಿಲ್ಲ ಎಂದು ಅವನ್ನು ಹಳೆಯ ಪೇಪರಿನಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟಳು.

ಮಾವ ಅದನ್ನು ಕೇಳಿ ತನ್ನ ಕೈಯನ್ನೇ ಬೇರೆಯವರ ಕೈ ಎಂಬಂತೆ ನೋಡಿಕೊಂಡ. ಎರಡನೆಯ ಜೊತೆಯನ್ನು ಅಂಗಡಿಯಲ್ಲಿ ಹೊಲಿಯಲಿಲ್ಲ. ಮನೆಯ ಅಂಗಳದಲ್ಲಿ ಹೊಸ ದಬ್ಬಣ ತಂದು, ದಾರಕ್ಕೆ ಜೇನುಮೇಣ ಹಚ್ಚಿ ಹೊಲಿದ. ನೀರು ಕುಡಿಯಬಾರದೆಂದು ಅಗಸಿ ಎಣ್ಣೆ ಕಾಯಿಸಿ ಅಡಿಗೆ ಬಳಿದ, ಬಿಸಿಲಿಗಿಟ್ಟ, ಒಣಗಿದ ಮೇಲೆ ಮತ್ತೆ ಬಳಿದ. ಹೀಗೆ ಎಷ್ಟೋ ಬಿಸಿಲು ಕುಡಿದ ಮೇಲೆ ಅಡಿ ಗಟ್ಟಿಯಾಗಿ, ಕಂದು ಬಣ್ಣಕ್ಕೆ ತಿರುಗಿ, ತಟ್ಟಿದರೆ ಟಕ್ ಎನ್ನುವಂತಾಯಿತು. ಆಮೇಲೆ ಒಂದು ತಂಬಿಗೆ ನೀರು ಅಂಗಳದ ಕಲ್ಲಿನ ಮೇಲೆ ಚೆಲ್ಲಿ, ತಾನೇ ಅವನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಜಾರಿಸಿ ನೋಡಿದ. ಜಾರಲಿಲ್ಲ. ಒರಟು ಜಡೆ ಕಲ್ಲನ್ನು ಕಚ್ಚಿ ಹಿಡಿಯುತ್ತಿತ್ತು.

ಈ ಸಲ ದೊಡ್ಡವ್ವನ ಮೂಗಿಗೆ ಏನೂ ಸಿಗಲಿಲ್ಲ. ಆದರೂ ಮ್ಯಾನೇಜರರು ಹ್ಞೂಂ ಅನ್ನದೆ ಹಾಕುವುದಿಲ್ಲ ಎಂದಳು. ನಾನು ಹೋಗಿ ಕೇಳಿದೆ. ಅವರು ಚಪ್ಪಲಿಯನ್ನು ಹಿಂದೆ ಮುಂದೆ ನೋಡಿ, ತುಂಬ ಚಂದ ಮಾಡಿದ್ದಾರೆಂದು ಮಾವನನ್ನು ಹೊಗಳಿ, ಎರಡು ಕೆಮ್ಮು ಕೆಮ್ಮಿ, ಆಗುವುದಿಲ್ಲ ಎಂದರು. ತೊಗಲಿಲ್ಲ ನಿಜ, ಆದರೆ ಆಕಾರ ಚಪ್ಪಲಿಯದೇ ಅಲ್ಲವೇ? ಇನ್ಸ್‌ಪೆಕ್ಟರು ಬರುವ ಹೊತ್ತು. ಆಗುವುದಿಲ್ಲ. ತಿಳೀತೋ ಇಲ್ಲೋ?

ನನಗೆ ತಿಳಿಯಲಿಲ್ಲ. ಸಿಟ್ಟು ಮಾತ್ರ ಬಂತು. ಔರಾದದ ಹಳ್ಳದಿಂದ ಬಸ್ಸಿನ ತಲೆಯವರೆಗೆ ಆ ನಾರಿನ ಜೊತೆ ಹೊರಳಾಡಿದವನು ನಾನು. ದೊಡ್ಡವ್ವ ಆ ಚಪ್ಪಲಿಯನ್ನು ತನ್ನ ಕೋಣೆಯ ಮೂಲೆಯಲ್ಲಿಟ್ಟು ಬರಿಗಾಲಲ್ಲಿ ಒಲೆಯ ಮುಂದೆ ನಿಂತದ್ದನ್ನು ನೋಡಿದೆ. ಮ್ಯಾನೇಜರರು ಪೇಟೆಗೆ ಹೋಗಿದ್ದರು. ಉಗ್ರಾಣಕ್ಕೂ ಅಡುಗೆಮನೆಗೂ ನಡುವೆ ಅರ್ಧ ಗೋಡೆ, ಮೇಲೆ ಬಿದಿರಿನ ಜಾಲರಿ. ನಾನು ಚೀಲಗಳ ಹಿಂದೆ ಸೇರಿದೆ. ಎರಡು ಸಣ್ಣ ಕೆಮ್ಮು.

"ಅಡಗಿ ಬಾಯಿ, ಆ ನಾರಿನ ಚಪ್ಲಿ ಹಾಕ್ಕೊಳ್ರಿ. ವಿಚಾರ ಮಾಡಿ ನೋಡಿದ್ನಿ, ನಡೀತದ. ಬರಿಗಾಲ್ಲಿ ನಿಂದ್ರಬ್ಯಾಡ್ರಿ. ತಿಳೀತೋ ಇಲ್ಲೋ?"

"ತಿಳೀತ್ರೆಪ್ಪ," ಎಂದಳು ದೊಡ್ಡವ್ವ. ಅಡುಗೆಮನೆಯ ಬಾಗಿಲಲ್ಲಿ ತಾಟು ಹಿಡಿದು ನಿಂತಿದ್ದ ಹುಡುಗರೂ ಅಭ್ಯಾಸಬಲದಿಂದ, ತಿಳೀತ್ರಿ ಸರ್, ಎಂದು ಒಟ್ಟಿಗೆ ಅಂದರು. ನನ್ನ ಜೀವನದಲ್ಲೇ ಅಷ್ಟು ಒಳ್ಳೆಯ ದನಿ ನಾನು ತೆಗೆದಿರಲಿಲ್ಲ, ಮೆಚ್ಚಿಕೊಳ್ಳಲು ಮಾತ್ರ ಯಾರನ್ನೂ ಕರೆಯುವಂತಿರಲಿಲ್ಲ.

ಒಂದು ಪೂರ್ತಿ ದಿನ ಏನೂ ಆಗಲಿಲ್ಲ. ನಾನು ಊರಿಗೆ ಹೊರಡುತ್ತೇನೆ ಎನ್ನುತ್ತಾ ಹೊರಡದೆ ಉಳಿದಿದ್ದೆ, ನೋಡುವ ಆಸೆಗೆ. ದೊಡ್ಡವ್ವ ಎರಡು ಕೈಯಲ್ಲೂ ಹಂಡೆ ಹಿಡಿದು ಇಳಿಸಿದಳು. ಗೋಡೆಗೆ ಅವಳ ಕೈಯ ಎಣ್ಣೆ ಹತ್ತಿದ ಜಾಗ ಸುಮ್ಮನೆ ಉಳಿಯಿತು. ಮರುದಿನ ಸಂಜೆ ಮ್ಯಾನೇಜರರು ಅಡುಗೆಮನೆಯ ಬಾಗಿಲಿಗೆ ಬಂದರು. ಬಹಳ ಹೊತ್ತು ಚೌಕಟ್ಟು ಹಿಡಿದು ನಿಂತು ಅವಳು ಓಡಾಡುವುದನ್ನೇ ನೋಡುತ್ತಿದ್ದರು. ಆಮೇಲೆ ಕೆಮ್ಮಿದರು. ಕಾಲಲ್ಲೇನು ಎಂದು ಕೇಳಿದರು.

ದೊಡ್ಡವ್ವ ಆಶ್ಚರ್ಯಪಟ್ಟಳು. ನೀವೇ ನಿನ್ನೆ ಉಗ್ರಾಣದಿಂದ ಹೇಳಿದಿರಲ್ಲ, ಬೇಕಾದರೆ ಹುಡುಗರನ್ನು ಕೇಳಿರಿ ಎಂದಳು. ಹುಡುಗರು ಹೌದು ಸರ್, ನೀವೇ ಹೇಳಿದ್ರಿ ಸರ್ ಎಂದರು. ಮ್ಯಾನೇಜರರು ಹುಡುಗರನ್ನು ನೋಡಿದರು, ಬಿದಿರಿನ ಜಾಲರಿಯನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ನಾನು ರೊಟ್ಟಿಯ ಮೇಲೆ ಬಹಳ ಶ್ರದ್ಧೆಯಿಂದ ಖಾರ ಹಚ್ಚುತ್ತಿದ್ದೆ.

ಅವರು ಅವಳಿಗೆ ಏನೂ ಹೇಳದೆ ನನ್ನನ್ನು ಹೊರಗೆ ಬೇವಿನ ಗಿಡದ ಕೆಳಗೆ ಕರೆದೊಯ್ದರು. ಹೊಡೆಯುತ್ತಾರೆಂದು ನಾನು ಕೆನ್ನೆ ಸಿದ್ಧ ಮಾಡಿಕೊಂಡಿದ್ದೆ. ಅವರು ಕಟ್ಟೆಯ ಮೇಲೆ ಕೂತರು.

"ಬ್ಯಾರೆದವ್ರ ಬೋರ್ಡಿಂಗ್‌ನಾಗ ಅಡಗಿಯಾಕಿ ಚಪ್ಲಿ ಹಾಕ್ಕೊಂಡ್ರ, ಪಾಪ ಕಾಲು ನೋಯ್ತದ ಅಂತಾರ. ನಮ್ದರಾಗ ಹಾಕ್ಕೊಂಡ್ರ, ಇವರ ಬುದ್ಧಿ ಇಷ್ಟೇ, ಕೆರ ಹೊಲಿಯೋರು ಒಲಿತನಾ ಕೆರ ತಂದಾರ ಅಂತಾರ. ಅದು ನಾರೋ ತೊಗಲೋ ಯಾರು ಮುಟ್ಟಿ ನೋಡ್ತಾರೋ? ನನಗೇನು ಆಕಿ ಕಾಲು ಕಾಣಂಗಿಲ್ಲೇನು?"

ಆ ದಿನ ಅವರು 'ತಿಳೀತೋ ಇಲ್ಲೋ' ಅನ್ನಲಿಲ್ಲ. ನನಗೆ ಆಗ ತಿಳಿದಿತ್ತು. ಇಷ್ಟು ದಿನ ಅವರ ಕೆಮ್ಮನ್ನು ನಾನು ಅಣಕಿಸಿದ್ದೆ, ಅದರ ಹಿಂದೆ ಏನು ಸಿಕ್ಕಿಕೊಂಡಿದೆ ಎಂದು ಕೇಳಿರಲಿಲ್ಲ. ಅವರು ಎದ್ದು ನಿಂತು, ಆ ದನಿ ನನ್ನದಲ್ಲ ಎಂದು ಅವಳಿಗೆ ನೀನೇ ಹೇಳು, ನಾಳೆ ಬೆಳಿಗ್ಗೆ ಹೇಳು, ನನಗೆ ಬಾಯಿ ಬರುವುದಿಲ್ಲ ಎಂದರು. ಎರಡು ಹೆಜ್ಜೆ ಹೋಗಿ ತಿರುಗಿದರು.

"ಗ್ವಾಡಿ ಹಿಡೀದೇ ಅಡ್ಡಾಡ್ಲತ್ತಾಳ, ನೋಡಿದೇನು?"

ಮರುದಿನ ಬೆಳಿಗ್ಗೆ ನನಗೆ ಧೈರ್ಯ ಬರಲಿಲ್ಲ. ಊರಿನವರೆಲ್ಲರ ದನಿ ಬರುವ ಬಾಯಿಗೆ ತನ್ನದೊಂದು ಮಾತು ಬರಲಿಲ್ಲ. ರೊಟ್ಟಿ ಆಗಲಿ, ಆಮೇಲೆ; ಪಲ್ಯ ಆಗಲಿ, ಆಮೇಲೆ ಎಂದು ಮುಂದೂಡುತ್ತಾ ಕೂತೆ. ಅಷ್ಟರಲ್ಲಿ ಅಂಗಳದಲ್ಲಿ ಟಾಂಗಾ ನಿಂತಿತು. ಮುಂದಿನ ವಾರ ಬರಬೇಕಾಗಿದ್ದ ಇನ್ಸ್‌ಪೆಕ್ಟರು ಬೆಳಗಿನ ರೈಲಿಗೇ ಇಳಿದು ಬಂದುಬಿಟ್ಟಿದ್ದರು. ಕೋಟು, ಜರಿಯ ಪೇಟ, ಹೊಳೆಯುವ ಬೂಟು. ಮ್ಯಾನೇಜರರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಓಡಿಬಂದರು. ಇನ್ಸ್‌ಪೆಕ್ಟರು ಒಳ್ಳೆಯ ಮಾತಿನವರೇ. ಮಲಗುವ ಕೋಣೆ ನೋಡಿದರು, ಚೊಕ್ಕಟವಾಗಿದೆ ಎಂದರು. ಹುಡುಗರ ಪಾಟಿಯ ಮೇಲಿನ ಅಕ್ಷರ ನೋಡಿದರು, ಪರವಾಗಿಲ್ಲ ಎಂದರು. ಅಡುಗೆಮನೆಯ ಹೊಸ್ತಿಲಿಗೆ ಬಂದು, ತಮ್ಮ ಬೂಟು ಕಳಚಲು ಬಗ್ಗಿದರು. ಬಗ್ಗಿದಾಗ ಕಣ್ಣಿಗೆ ಬಿದ್ದದ್ದು ಒಳಗೆ ದೊಡ್ಡವ್ವನ ಕಾ‍ಲು.

ಅವರು ನೆಟ್ಟಗಾದರು.

"ಏನ್ರೀ ಇದು, ಅಡುಗೆಮನೇಲಿ ಚಪ್ಪಲಿ ಹಾಕ್ಕೊಂಡು ಓಡಾಡ್ತಿದ್ದಾರಲ್ಲ ಈಕೆ? ಹೀಗೆ ಮಾಡೋಕೆ ಯಾರು ಹೇಳಿದ್ದು?"

ದೊಡ್ಡವ್ವ ಸೌಟು ಹಿಡಿದು ನಿಂತಳು. ಅವಳಿಗೆ ಭಯವಿರಲಿಲ್ಲ, ಅಪ್ಪಣೆ ಇತ್ತಲ್ಲ. ಅವಳು ಮ್ಯಾನೇಜರರ ಮುಖ ನೋಡಿದಳು. ಆ ನಂಬಿಕೆಯ ಮುಖ ನೋಡಿ ನನಗೆ ಕೂತಲ್ಲಿ ಕೂರಲಾಗಲಿಲ್ಲ. ನಾನು ಎದ್ದು, ಸಾಹೇಬರೆ, ಅದು ನಾನು, ಎಂದು ಬಾಯಿ ತೆರೆದೆ. ಮ್ಯಾನೇಜರರು ಕೈ ಹಿಂದಕ್ಕೆ ಚಾಚಿ ನನ್ನ ಎದೆಯ ಮೇಲೆ ಇಟ್ಟು, ಬಾಗಿಲು ದೂಡುವ ಹಾಗೆ ನನ್ನನ್ನು ಗೋಡೆಗೆ ಸರಿಸಿದರು.

ಆಮೇಲೆ ಮ್ಯಾನೇಜರರು ಅಂದ ಮಾತು ಕೇಳಿ ಇನ್ಸ್‌ಪೆಕ್ಟರು ದೊಡ್ಡವ್ವನ ಹತ್ತಿರ ಹೋಗಿ, ಬಗ್ಗಿ, ಆ ಚಪ್ಪಲಿಯ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದರು. ಹೌದು, ಮುಟ್ಟಿ ನೋಡಿದರು. ಊಟಕ್ಕೂ ಅಲ್ಲೇ ಕೂತರು. ಹೊಸ ಅಡುಗೆಯವಳ ಮಾತನ್ನು ಅವತ್ತಿನಿಂದ ಯಾರೂ ಎತ್ತಲಿಲ್ಲ. ಮಾವ ಮುಂದೆ ಆ ನಾರಿನ ಚಪ್ಪಲಿಗಳನ್ನು ದೊಡ್ಡವ್ವನಿಗೆ ಸವೆದಂತೆಲ್ಲ ಹೊಲಿದು ಕಳಿಸಿದ, ಔರಾದದಿಂದ ಚೀಲ ತರುವವನು ನಾನೇ. ದನಿಯ ಕಸುಬಿನವನಾಗಿ ಒಂದು ಮಾತು ಸೇರಿಸಬೇಕು: ಆ ಗಳಿಗೆಯಲ್ಲಿ ಮ್ಯಾನೇಜರರ ದನಿ ಅವರ ಹಾಗಿರಲಿಲ್ಲ. ನಡುಗುತ್ತಿತ್ತು, ಮೊದಲಿಗೆ ಕೆಮ್ಮೂ ಇರಲಿಲ್ಲ. ಚೀಲಗಳ ಹಿಂದಿನಿಂದ ನಾನು ತೆಗೆದದ್ದೇ ಹೆಚ್ಚು ಅವರ ಹಾಗಿತ್ತು. ಆದರೂ ಅವರು ಅಂದದ್ದು ಹೀಗೆ:

"ಪುಂಡಿ ಪಲ್ಯಾ ಒಳಗ ಬರ್ಲಿಕ್ಕ ಯಾರ ಅಪ್ಪಣಿನೂ ಕೇಳಂಗಿಲ್ರಿ ನಾವು, ಈ ಚಪ್ಲಿನೂ ಅದೇ ಗಿಡದ್ದು. ಹಾಕ್ಕೊಳ್ರಿ ಅಂತ ನಾನೇ ಹೇಳೀನ್ರಿ. ಇಡೀ ಬೋರ್ಡಿಂಗ್ ನನ್ನ ದನಿ ಕೇಳ್ಯಾದ, ಬೇಕಾದ್ರ ಹುಡುಗ್ರಿಗಿ ಕೇಳ್ರಿ."